ಬೇಲ್ ಆದ್ಮೇಲೂ 31 ದಿನ ಒಳಗೆ: ಒಂದು ಬಹಿರಂಗ ಪತ್ರ

ಗೆ,
ಕರ್ನಾಟಕ ಹೈಕೋರ್ಟಿನ ಮಾನ್ಯ ಮುಖ್ಯ ನ್ಯಾಯಮೂರ್ತಿಗಳು,
ರಾಜ್ಯದ ಮಾನ್ಯ ಕಾನೂನು ಸಚಿವರು ಮತ್ತು ಮಾನ್ಯ ಗೃಹ ಸಚಿವರು,
ಬೆಂಗಳೂರು

ವಿಷಯ: ಬೇಲ್ ಸಿಕ್ಕಿದ್ರೂ ಶ್ಯೂರಿಟಿ ಸಿಗದೆ ಜೈಲಲ್ಲೇ ಉಳಿಯೋ ಬಡವರ ಬಗ್ಗೆ

ಮಾನ್ಯರೇ,

ನಾನು ಲಾಯರ್ ಅಲ್ಲ, ಯಾವ ಸಂಘಟನೆಯವನೂ ಅಲ್ಲ. ಲಗ್ಗೆರೆಲಿ ಬಾಡಿಗೆ ಮನೇಲಿದ್ದೀನಿ, ಹೊಸದಾಗಿ ಕಟ್ಟೋ ಮನೆಗಳಿಗೆ ವೈರಿಂಗ್ ಕೆಲಸ ಹಿಡಿದು ಮಾಡ್ಸೋದು ನನ್ನ ಕಸುಬು, ಕೈಕೆಳಗೆ ನಾಲ್ಕೈದು ಹುಡುಗ್ರು ಇರ್ತಾರೆ. ಈ ಪತ್ರದಲ್ಲಿ ಕಾನೂನಿನ ಮಾತು ಎಲ್ಲಾದ್ರೂ ಒರಟಾಗಿ ಬಂದಿದ್ರೆ ಕ್ಷಮಿಸಿ, ಕೋರ್ಟ್ ಕಾರಿಡಾರಲ್ಲಿ ನಿಂತು ನಿಂತು, ಸಿಕ್ಕಸಿಕ್ಕವರನ್ನ ಕೇಳಿ ಕೇಳಿ ಕಲಿತಿದ್ದು ಇದು.

ಯಾವ ಸ್ಟೇಷನ್, ಯಾವ ಕೋರ್ಟ್, ಯಾವ ಬಿಲ್ಡರ್ ಅಂತ ಬರೀತಿಲ್ಲ. ಒಬ್ಬ ಎಸ್‌ಐನೋ ಒಬ್ಬ ಗುಮಾಸ್ತನನ್ನೋ ಎತ್ತಂಗಡಿ ಮಾಡಿಸಿದ್ರೆ ಸರಿಹೋಗೋ ವಿಷ್ಯ ಆಗಿದ್ರೆ ನಾನು ನಿಮ್ಮವರೆಗೆ ಬರ್ತಿರ್ಲಿಲ್ಲ.

ಕಳೆದ ವರ್ಷ ಆಷಾಢದ ಶುರುವಲ್ಲಿ ನಮ್ಮ ಹುಡುಗ ಒಬ್ಬನನ್ನ ಪೊಲೀಸ್ನೋರು ಕರ್ಕೊಂಡು ಹೋದ್ರು. ಯಾದಗಿರಿ ಜಿಲ್ಲೆ ಸುರಪುರದ ಕಡೆಯವನು, 22 ವರ್ಷ, ನನ್ನ ಜೊತೆ ಎರಡು ವರ್ಷದಿಂದ ಇದ್ದ. ಸೈಟಲ್ಲಿ ಕಾಪರ್ ವೈರಿನ ಬಂಡಲ್ ಕಾಣೆಯಾಗಿತ್ತು, ರಾತ್ರಿ ಅಲ್ಲೇ ಶೆಡ್ಡಲ್ಲಿ ಮಲಗ್ತಿದ್ದ ಮೂರು ಜನರಲ್ಲಿ ಇವನೂ ಒಬ್ಬ. ಇವನು ಕದ್ದಿದ್ನೋ ಇಲ್ವೋ ಅನ್ನೋದನ್ನ ನಾನು ಇಲ್ಲಿ ವಾದ ಮಾಡಲ್ಲ, ಕೇಸ್ ಇನ್ನೂ ನಡೀತಿದೆ, ಅದನ್ನ ಕೋರ್ಟೇ ಹೇಳ್ಲಿ. ನನ್ನ ತಕರಾರಿರೋದು ಕೋರ್ಟ್ ಆಗಲೇ ಒಂದು ಮಾತು ಹೇಳಿ ಆದ್ಮೇಲೆ ನಡೆದಿದ್ದರ ಬಗ್ಗೆ.

ಅರೆಸ್ಟ್ ಆದ ಒಂಬತ್ತನೇ ದಿನ ಬೇಲ್ ಆಯ್ತು. ವಕೀಲರು ಹೊರಗೆ ಬಂದು ಹೆಬ್ಬೆಟ್ಟು ತೋರಿಸಿದ್ರು, ನಾನು ಅವರಮ್ಮನಿಗೆ ಫೋನ್ ಮಾಡಿ ನಾಳೆ ಮಗ ಬರ್ತಾನೆ ಅಂದ್ಬಿಟ್ಟೆ. ಅಷ್ಟು ಬೇಗ ಬಾಯಿ ಬಿಟ್ಟಿದ್ದಕ್ಕೆ ಇವತ್ತಿಗೂ ನಾಚಿಕೆ ಆಗತ್ತೆ. ಆರ್ಡರ್ ಇಂಗ್ಲಿಷಲ್ಲಿತ್ತು. ವಕೀಲರು ಬೆರಳಿಟ್ಟು ಓದಿ ಹೇಳಿದ್ರು, 50 ಸಾವಿರಕ್ಕೆ ಬಾಂಡು, ಅಷ್ಟೇ ಮೊತ್ತಕ್ಕೆ ಒಬ್ಬ ಲೋಕಲ್ ಶ್ಯೂರಿಟಿ. ನಾನು 50 ಸಾವಿರ ಕಟ್ಬೇಕು ಅಂದ್ಕೊಂಡು ಚೀಟಿ ದುಡ್ಡು ಎತ್ತೋ ಲೆಕ್ಕ ಹಾಕ್ತಿದ್ದೆ. ಅವರು ನಕ್ಕು, ದುಡ್ಡು ಯಾರು ಕೇಳಿದ್ರು, ಇವನು ವಾಯಿದೆಗೆ ಬರದೇ ಹೋದ್ರೆ ನಾನು ಜವಾಬ್ದಾರಿ ಅಂತ ಹೇಳೋ ಒಬ್ಬ ಮನುಷ್ಯ ಬೇಕು, ಅವನ ಹೆಸರಲ್ಲಿ ಪಹಣಿ ಇರ್ಬೇಕು ಅಂದ್ರು.

ನಾನೇ ನಿಲ್ತೀನಿ ಅಂದೆ. ಎರಡು ವರ್ಷದಿಂದ ಅನ್ನ ಹಾಕಿದೋನು ನಾನು, ಅವನ ಊರು ಗೊತ್ತು, ಅವರಪ್ಪ ಅಮ್ಮ ಗೊತ್ತು, ಓಡಿ ಹೋದ್ರೆ ಹುಡುಕಿ ತರೋ ತಾಕತ್ತು ಈ ಬೆಂಗಳೂರಲ್ಲಿ ಯಾರಿಗಾದ್ರೂ ಇದ್ರೆ ನನಗೆ. ಏನಿದೆ ನಿಮ್ಮ ಹೆಸರಲ್ಲಿ ಅಂತ ಕೇಳಿದ್ರು. ಹೆಗ್ಗನಹಳ್ಳಿ ಹತ್ರ ಇಪ್ಪತ್ತು ಮೂವತ್ತರ ಒಂದು ರೆವಿನ್ಯೂ ಸೈಟಿದೆ, ಬಿ ಖಾತಾ, ಅಂದ್ರೆ ಪಕ್ಕಾ ದಾಖಲೆ ಇಲ್ಲದ್ದು. ಆಗಲ್ಲ ಅಂತ ತಲೆ ಅಲ್ಲಾಡಿಸಿದ್ರು. ಕುಣಿಗಲ್ ಕಡೆ ಊರಲ್ಲಿ ಒಂದೂವರೆ ಎಕರೆ ಜಮೀನಿದೆ. ಹಾಗಾದ್ರೆ ಪಹಣಿ ತನ್ನಿ ಅಂದ್ರು. ತಂದೆ. ಅದರಲ್ಲಿ ಇನ್ನೂ ನಮ್ಮ ತಾತನ ಹೆಸರಿದೆ, ತಾತ ತೀರ್ಕೊಂಡು ಇಪ್ಪತ್ತು ವರ್ಷದ ಮೇಲಾಯ್ತು, ಅಪ್ಪ ಚಿಕ್ಕಪ್ಪಂದಿರ ಜಗಳದಲ್ಲಿ ಪೌತಿ ಖಾತೆ ಆಗ್ಲೇ ಇಲ್ಲ. ಈ ರಾಜ್ಯದಲ್ಲಿ ಸತ್ತೋರ ಹೆಸರಲ್ಲಿ ಎಷ್ಟು ಜಮೀನಿದೆ ಅಂತ ಕಂದಾಯ ಇಲಾಖೆಯೋರಿಗೆ ನಾನು ಹೇಳ್ಬೇಕಾಗಿಲ್ಲ, ಅದಕ್ಕೇ ಅಂತ ಅವರು ಪೌತಿ ಆಂದೋಲನಾನೇ ಮಾಡ್ತಿದ್ದಾರೆ. ಒಟ್ನಲ್ಲಿ ಬದುಕಿರೋ ನಾನು ಶ್ಯೂರಿಟಿಗೆ ಆಗಲ್ಲ, ಬರೋಕಾಗಿದ್ರೆ ನಮ್ಮ ತಾತ ಆಗ್ತಿದ್ರು.

ಹುಡುಗನ ಮನೆಯೋರ ಹೆಸರಲ್ಲಿ ಎರಡು ಎಕರೆ ಇದೆ, ಪಹಣಿನೂ ಸರಿಯಾಗಿದೆ. ಆದ್ರೆ ಅದು ಸುರಪುರ ತಾಲ್ಲೂಕು. ಹೆಚ್ಚುಕಡಿಮೆ 500 ಕಿಲೋಮೀಟರ್ ದೂರ, ಲೋಕಲ್ ಅಲ್ಲ. ಅದೇ ಕರ್ನಾಟಕ, ಪಹಣಿ ಇಡೋ ಅದೇ ‘ಭೂಮಿ’ ತಂತ್ರಾಂಶ, ಇಲ್ಲಿ ಕಂಪ್ಯೂಟರಲ್ಲಿ ಸರ್ವೆ ನಂಬರ್ ಹೊಡೆದ್ರೆ ಅರ್ಧ ನಿಮಿಷದಲ್ಲಿ ಬರತ್ತೆ, ಆದ್ರೂ ಆಗಲ್ಲ.

ಬೇಲ್ ಆದ ಆರನೇ ದಿನ ಕೋರ್ಟ್ ಹೊರಗಿನ ಟೀ ಅಂಗಡಿಲಿ ನಿಂತಿದ್ದೆ, ಒಬ್ಬರು ತಾವಾಗೇ ಮಾತಾಡಿಸಿದ್ರು. ಬಿಳಿ ಶರ್ಟು, ಕಂಕುಳಲ್ಲಿ ಫೈಲು, ನಾನು ಯಾರೋ ಕ್ಲರ್ಕ್ ಅಂದ್ಕೊಂಡೆ. ಶ್ಯೂರಿಟಿ ಸಮಸ್ಯೆನಾ ಸಾರ್ ಅಂದ್ರು. ನನ್ನ ಮುಖ ನೋಡಿನೇ ಗೊತ್ತಾಗಿರ್ಬೇಕು. ಪಹಣಿ ಇದೆ, ಆಧಾರ್ ಇದೆ, ಬಂದು ನಿಲ್ಲೋಕೆ ಮನುಷ್ಯನೂ ಇದ್ದಾನೆ, 6 ಸಾವಿರ ಕೊಟ್ರೆ ಸಂಜೆಯೊಳಗೆ ರಿಲೀಸ್ ಆರ್ಡರ್. ಆ ಮನುಷ್ಯಂಗೆ ನಮ್ಮ ಹುಡುಗ ಯಾರು ಅಂತ ಗೊತ್ತಾ ಅಂತ ಕೇಳಿದೆ. ಹೆಸರು ಬರ್ಕೊಡಿ ಸಾರ್, ಬಾಯಿಪಾಠ ಮಾಡ್ಕೋತಾನೆ ಅಂದ್ರು. ಪಕ್ಕದಲ್ಲಿ ನಿಂತಿದ್ದ ಎರಡು ಜನ ಅದೇ ಕೆಲಸಕ್ಕೆ ಚೌಕಾಸಿ ಮಾಡ್ತಿದ್ರು, ಯಾರಿಗೂ ಗುಟ್ಟು ಅನ್ನೋ ಭಾವನೆ ಇರ್ಲಿಲ್ಲ, ತರಕಾರಿ ವ್ಯಾಪಾರದ ತರ ನಡೀತಿತ್ತು.

ನಾನು ಬೇಡ ಅಂದೆ. ಹೆದರಿದ್ದೂ ಹೌದು. ನಕಲಿ ಶ್ಯೂರಿಟಿ ಗ್ಯಾಂಗನ್ನ ಪೊಲೀಸರು ಹಿಡಿದ ಸುದ್ದಿ ಪೇಪರಲ್ಲಿ ಆಗಾಗ ಬರ್ತಾನೇ ಇರತ್ತೆ, ನಾನೂ ಅವರ ಪಕ್ಕ ನಿಲ್ಲೋದು ಬೇಡ ಅನ್ನಿಸ್ತು. ಆದ್ರೆ ಸ್ವಾಮಿ, ನಾನು ನಿಯತ್ತಾಗಿದ್ದಿದ್ದಕ್ಕೆ ಶಿಕ್ಷೆ ಅನುಭವಿಸಿದ್ದು ನಾನಲ್ಲ. ಅವತ್ತು ಆ 6 ಸಾವಿರ ಕೊಟ್ಟಿದ್ರೆ ಹುಡುಗ ಸಂಜೆ ಹೊರಗೆ ಬರ್ತಿದ್ದ, ಕೊಡದೇ ಇದ್ದಿದ್ದಕ್ಕೆ ಇನ್ನೂ 25 ದಿನ ಒಳಗಿದ್ದ. ಅವನ ಜೊತೆ ಅದೇ ವಾರ ಬೇಲ್ ಆದ ಇಬ್ಬರು, ಅವರ ಮೇಲೆ ಹಳೇ ಕೇಸ್‌ಗಳೂ ಇದ್ವಂತೆ, ಅವರಿಗೆ ದಾರಿ ಗೊತ್ತಿತ್ತು, ಮೂರನೇ ದಿನ ಮನೆಗೆ ಹೋದ್ರಂತೆ. ಇದನ್ನ ಹುಡುಗನೇ ಆಮೇಲೆ ಹೇಳಿದ್ದು. ಅಣ್ಣ, ಕಳ್ಳರೆಲ್ಲ ಹೋದ್ರು, ನಾನೊಬ್ಬನೇ ಉಳ್ಕೊಂಡೆ ಅಂದ.

ಅವರಮ್ಮ ರಾತ್ರಿ ಬಸ್ಸಿಗೆ ಹತ್ತಿ ಬಂದಿದ್ರು. ಮೆಜೆಸ್ಟಿಕ್‌ನಿಂದ ಕರ್ಕೊಂಡು ಬಂದೆ. ನಾಲ್ಕು ದಿನ ನಮ್ಮ ಮನೇಲೇ ಇದ್ರು, ನನ್ನ ಹೆಂಡತಿ ಎಷ್ಟು ಹೇಳಿದ್ರೂ ಸರಿಯಾಗಿ ಊಟ ಮಾಡ್ತಿರ್ಲಿಲ್ಲ. ಒಂದೇ ಮಾತು ಕೇಳ್ತಿದ್ರು, ಬೇಲ್ ಆಗ್ಯಾದ ಅಂತೀರಿ, ಮತ್ತ ಯಾಕ ಬಿಡವಲ್ರು? ನಾನು ಶ್ಯೂರಿಟಿ, ಲೋಕಲ್, ಪಹಣಿ ಅಂತ ಎಲ್ಲ ಬಿಡಿಸಿ ಹೇಳಿದೆ. ಎಲ್ಲ ಕೇಳಿಸ್ಕೊಂಡು, ಮತ್ತ ಬೇಲ್ ಅಂದ್ರ ಏನ್ರಿ ಅಂದ್ರು. ಅದಕ್ಕೆ ನನ್ನ ಹತ್ರ ಉತ್ತರ ಇರ್ಲಿಲ್ಲ, ನಿಮ್ಮ ಹತ್ರ ಇರಬಹುದು ಅಂತ ಬರೀತಿದ್ದೀನಿ.

ಆಮೇಲೆ ನಾನು ತಿಳ್ಕೊಂಡ ವಿಷ್ಯಕ್ಕೆ ಬರ್ತೀನಿ. ಇದನ್ನ ಓದಿದ್ಮೇಲೆ ಸಿಟ್ಟು ಕಮ್ಮಿ ಆಗೋ ಬದಲು ಜಾಸ್ತಿ ಆಯ್ತು, ಯಾಕಂದ್ರೆ ನಾವು ಅನುಭವಿಸಿದ್ದಕ್ಕೆ ಔಷಧಿ ಕಾನೂನಲ್ಲಿ ಯಾವತ್ತೋ ಬರೆದಿಟ್ಟಿದ್ದಾರೆ.

1978ರಲ್ಲಿ ಮೋತಿರಾಮ್ ಅಂತ ಮಧ್ಯಪ್ರದೇಶದ ಒಬ್ಬ ಗಾರೆ ಕೆಲಸದವನ ಕೇಸ್ ಸುಪ್ರೀಂ ಕೋರ್ಟಿಗೆ ಹೋಗಿತ್ತು. ಬೇಲ್ ಸಿಕ್ಕಿತ್ತು, ಮ್ಯಾಜಿಸ್ಟ್ರೇಟ್ 10 ಸಾವಿರದ ಶ್ಯೂರಿಟಿ ಕೇಳಿದ್ರು, ಅವನ ಅಣ್ಣನೋ ತಮ್ಮನೋ ಮುಂದೆ ಬಂದ್ರೆ ನಿನ್ನ ಆಸ್ತಿ ಬೇರೆ ಜಿಲ್ಲೆಲಿದೆ ಅಂತ ವಾಪಸ್ ಕಳಿಸಿದ್ರು. ಸುರಪುರದ ಪಹಣಿ ಕಥೆನೇ. ಸುಪ್ರೀಂ ಕೋರ್ಟ್ ಆ ಗಾರೆಯವನನ್ನ 1 ಸಾವಿರ ರೂಪಾಯಿಯ ಸ್ವಂತ ಬಾಂಡ್ ಮೇಲೆ, ಅಂದ್ರೆ ಬೇರೆ ಶ್ಯೂರಿಟಿ ಇಲ್ದೆ, ಬಿಡಿ ಅಂತು. ಆ ತೀರ್ಪಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಕೇಳಿರೋ ಒಂದು ಪ್ರಶ್ನೆಲಿ ನಮ್ಮ ಹೆಸರೂ ಇದೆ: ಒಬ್ಬ ಮಲಯಾಳಿನೋ ಕನ್ನಡಿಗನೋ ತಮಿಳನೋ ತೆಲುಗನೋ ಬಸ್ತಾರಲ್ಲೋ ಪೋರ್ಟ್ ಬ್ಲೇರಲ್ಲೋ ಚಾಂದನಿ ಚೌಕದಲ್ಲೋ ಅರೆಸ್ಟ್ ಆದ್ರೆ, ಅಲ್ಲಿ ಆಸ್ತಿ ಇರೋ ಜಾಮೀನುದಾರನನ್ನ ಎಲ್ಲಿಂದ ತರ್ಬೇಕು ಅಂತ. ದೂರದೂರಲ್ಲಿ ಸಿಕ್ಕಿಬಿದ್ದ ಕನ್ನಡಿಗನ ಬಗ್ಗೆ ಸುಪ್ರೀಂ ಕೋರ್ಟ್ ಅವತ್ತೇ ಯೋಚ್ನೆ ಮಾಡಿತ್ತು. ಇವತ್ತು ಬೆಂಗಳೂರಿನ ಕಟ್ಟಡಗಳಲ್ಲಿ ಕೆಲಸ ಮಾಡ್ತಿರೋ ಒಡಿಶಾದವನು, ಬಿಹಾರದವನು, ಬಂಗಾಳದವನು ಆ ಜಾಗದಲ್ಲಿದ್ದಾನೆ. ಇಲ್ಲಿಯ ಕನ್ನಡಿಗನೇ ಯಾದಗಿರಿಯಿಂದ ಬಂದ್ರೆ ಪರದೇಶಿ ಆದ್ಮೇಲೆ ಅವರ ಕಥೆ ಏನಿರಬಹುದು ಅಂತ ನೀವೇ ಊಹಿಸಿ.

ಇದಾಗಿ ಒಂದು ವರ್ಷಕ್ಕೆ, 1979ರಲ್ಲಿ, ಬಿಹಾರದ ಜೈಲುಗಳಲ್ಲಿ ಕೊಳೀತಿದ್ದ ವಿಚಾರಣಾಧೀನ ಕೈದಿಗಳ ಬಗ್ಗೆ ಹುಸೇನಾರಾ ಖಾತೂನ್ ಕೇಸ್ ಬಂತು. ಅಲ್ಲೂ ಇದೇ ಮಾತು. 2022ರ ನವೆಂಬರ್ 26ಕ್ಕೆ ಸಂವಿಧಾನ ದಿನದ ಭಾಷಣದಲ್ಲಿ ರಾಷ್ಟ್ರಪತಿಗಳೇ ಜಡ್ಜುಗಳ ಎದುರು ನಿಂತು ಬಡ ಕೈದಿಗಳ ಬಗ್ಗೆ ಮಾತಾಡಿದ್ರು. ಅದಾದ್ಮೇಲೆ 2023ರ ಜನವರಿ 31ಕ್ಕೆ ಸುಪ್ರೀಂ ಕೋರ್ಟ್ ಒಂದು ಆದೇಶ ಮಾಡಿದೆ. ಅದನ್ನ ಒಬ್ಬರು ನನಗೆ ಸಾಲು ಸಾಲಾಗಿ ಓದಿ ಹೇಳಿದಾಗ ನಾನು ಸ್ಟೂಲ್ ಮೇಲಿಂದ ಎದ್ದು ನಿಂತೆ. ಬೇಲ್ ಆದೇಶದ ಕಾಪಿನ ಅವತ್ತೇ ಅಥವಾ ಮಾರನೇ ದಿನ ಇಮೇಲಲ್ಲಿ ಜೈಲಿಗೆ ಕಳಿಸ್ಬೇಕು. ಏಳು ದಿನದಲ್ಲಿ ಕೈದಿ ಹೊರಗೆ ಹೋಗ್ಲಿಲ್ಲ ಅಂದ್ರೆ ಜೈಲ್ ಸೂಪರಿಂಟೆಂಡೆಂಟ್ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸ್ಬೇಕು. ಅವರು ಯಾರನ್ನಾದ್ರೂ ಕಳಿಸಿ ಯಾಕೆ ಹೋಗ್ಲಿಲ್ಲ ಅಂತ ಕೇಳ್ಬೇಕು, ಬೇಕಾದ್ರೆ ಅವನ ಮನೆ ಪರಿಸ್ಥಿತಿ ಬಗ್ಗೆ ವರದಿ ಮಾಡಿ ಷರತ್ತು ಸಡಿಲ ಮಾಡಿ ಅಂತ ಕೋರ್ಟ್ ಮುಂದೆ ಇಡಬಹುದು. ಒಂದು ತಿಂಗಳಾದ್ರೂ ಬಾಂಡ್ ಕೊಡೋಕೆ ಆಗ್ಲಿಲ್ಲ ಅಂದ್ರೆ ಕೋರ್ಟೇ ತಾನಾಗಿ ಕೇಸ್ ಕೈಗೆತ್ತಿಕೊಂಡು ಷರತ್ತು ಬದಲಾಯಿಸೋ ಬಗ್ಗೆ ಯೋಚಿಸಬಹುದು. ಕೊನೆಗೆ, ಲೋಕಲ್ ಶ್ಯೂರಿಟಿ ಅಂತ ಹಟ ಹಿಡಿಯೋದೇ ಬಿಡುಗಡೆ ತಡ ಆಗೋಕೆ ಒಂದು ಕಾರಣ, ಅಂಥ ಕಡೆ ಆ ಷರತ್ತು ಹಾಕದೇ ಇರಬಹುದು ಅಂತ ಕೂಡ ಅದರಲ್ಲೇ ಇದೆ.

ಏಳನೇ ದಿನ ನಮ್ಮ ಹುಡುಗನನ್ನ ಯಾರೂ ಬಂದು ಕೇಳ್ಲಿಲ್ಲ. ಹದಿನಾಲ್ಕನೇ ದಿನವೂ ಕೇಳ್ಲಿಲ್ಲ. ಆದೇಶ ಇದೆ ಅಂತ ನಮಗೆ ಗೊತ್ತಿಲ್ಲ, ಗೊತ್ತಿದ್ದೋರು ಬರ್ಲಿಲ್ಲ.

ಕೊನೆಗೆ ಆಗಿದ್ದು ಹೀಗೆ. ನನ್ನ ಒಬ್ಬ ಗಿರಾಕಿ, ಬ್ಯಾಂಕಲ್ಲಿ ಕೆಲಸ ಮಾಡಿ ರಿಟೈರ್ ಆದೋರು, ಕಾನೂನು ನೆರವಿಗೆ 15100ಕ್ಕೆ ಫೋನ್ ಮಾಡಿ ನೋಡು ಅಂದ್ರು. ಮಾಡಿದೆ. ಕಸ್ಟಡಿಲಿ ಇರೋನಿಗೆ ಆದಾಯ ಎಷ್ಟೇ ಇರ್ಲಿ, ಉಚಿತ ವಕೀಲರು ಸಿಗ್ತಾರೆ ಅನ್ನೋದೂ ನನಗೆ ಅವತ್ತೇ ಗೊತ್ತಾಗಿದ್ದು, ಅಷ್ಟರಲ್ಲಿ ನಾನು 18 ಸಾವಿರ ಖರ್ಚು ಮಾಡಿ ಆಗಿತ್ತು. ಒಬ್ಬ ಪ್ಯಾನಲ್ ವಕೀಲೆ ಸಿಕ್ಕಿದ್ರು, ಚಿಕ್ಕ ವಯಸ್ಸಿನ ಹೆಣ್ಣುಮಗಳು. ಎರಡು ಪುಟದ ಅರ್ಜಿ ಹಾಕಿದ್ರು, ಬಾಂಡಿನ ಮೊತ್ತ ಪರಿಸ್ಥಿತಿಗೆ ತಕ್ಕ ಹಾಗಿರ್ಬೇಕು, ಅತಿಯಾಗಿರಬಾರದು ಅಂತ ಹೊಸ ಕಾನೂನಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 484ನೇ ಸೆಕ್ಷನ್ ಹೇಳತ್ತೆ, ಅದರ ಜೊತೆ 2023ರ ಆದೇಶನೂ ಲಗತ್ತಿಸಿದ್ರು. ಮ್ಯಾಜಿಸ್ಟ್ರೇಟ್ ಓದಿದ್ರು, ನನ್ನನ್ನ ನಿಲ್ಲಿಸಿ ಇವನು ನಿಮ್ಮ ಹತ್ರ ಎಷ್ಟು ವರ್ಷದಿಂದ ಕೆಲಸ ಮಾಡ್ತಿದ್ದಾನೆ ಅಂತ ಒಂದೇ ಪ್ರಶ್ನೆ ಕೇಳಿದ್ರು, ಸ್ವಂತ ಬಾಂಡ್ ಮೇಲೆ ಬಿಡಿ ಅಂತ ಆರ್ಡರ್ ಮಾಡಿದ್ರು. ಗಡಿಯಾರ ನೋಡಿದ್ದೆ, ನಾಲ್ಕು ನಿಮಿಷ ಆಗಿತ್ತು. ವರಮಹಾಲಕ್ಷ್ಮಿ ಹಬ್ಬಕ್ಕೆ ಎರಡು ದಿನ ಮುಂಚೆ ಹುಡುಗ ಹೊರಗೆ ಬಂದ. ಆಷಾಢದಲ್ಲಿ ಗೃಹಪ್ರವೇಶ ಇಲ್ದೇ ನನ್ನ ಕೆಲಸ ಡಲ್ ಇತ್ತು, ಅದಕ್ಕೇ ಅಷ್ಟು ಓಡಾಡೋಕೆ ಆಯ್ತು. ಇದೇ ಶ್ರಾವಣದಲ್ಲಿ ಅರೆಸ್ಟ್ ಆಗಿದ್ರೆ ನಾನು ಎಷ್ಟು ದಿನ ಬರ್ತಿದ್ದೆ ಅಂತ ಎದೆ ಮುಟ್ಕೊಂಡು ಹೇಳೋಕಾಗಲ್ಲ.

ಆ ಮ್ಯಾಜಿಸ್ಟ್ರೇಟ್ ಬಗ್ಗೆ ನನಗೆ ದೂರಿಲ್ಲ. ಕೇಳಿದ ದಿನ ಕೊಟ್ರು. ಕೇಳೋ ತನಕ 31 ದಿನ ಆಯ್ತಲ್ಲ, ಅದು ನನ್ನ ದೂರು.

ಶ್ಯೂರಿಟಿ ತೆಗೆದ್ರೆ ಎಲ್ಲ ಓಡಿ ಹೋಗ್ತಾರೆ ಅಂತ ನೀವು ಹೇಳಬಹುದು. ಓಡಿ ಹೋಗೋರೂ ಇದ್ದಾರೆ, ನಾನೇನು ಮಗು ಅಲ್ಲ. ಆದ್ರೆ ಟೀ ಅಂಗಡಿ ಹತ್ರ ಹೆಸರು ಬಾಯಿಪಾಠ ಮಾಡ್ಕೊಂಡು ಬಂದು ನಿಲ್ಲೋ ಮನುಷ್ಯ ಯಾರನ್ನ ಹಿಡಿದು ತರ್ತಾನೆ? ನಾಳೆ ಆರೋಪಿ ಬರದೇ ಹೋದ್ರೆ ಆ ಶ್ಯೂರಿಟಿನೂ ಇರಲ್ಲ, ಪಹಣಿ ಇನ್ಯಾರದ್ದೋ ಆಗಿರತ್ತೆ. ಅವನಿಗಿಂತ ಕೆಲಸ ಕೊಟ್ಟ ಮೇಸ್ತ್ರಿ, ರೂಮ್ ಬಾಡಿಗೆಗೆ ಕೊಟ್ಟ ಓನರ್, ಊರಿನ ಸೋದರಮಾವ ಎಷ್ಟೋ ಮೇಲು, ಅವರಿಗೆ ಹುಡುಗನ ಮುಖ ಗೊತ್ತು. ಪಹಣಿ ಕೇಳಿ ಕೇಳಿ ಕೋರ್ಟೇ ಆ ಟೀ ಅಂಗಡಿ ವ್ಯಾಪಾರ ಬೆಳೆಸ್ತಿದೆ ಅಂತ ಹೇಳೋಕೆ ನಾಲಿಗೆ ತಡೆಯತ್ತೆ, ಆದ್ರೂ ಹೇಳ್ದೆ ಇರೋಕಾಗ್ತಿಲ್ಲ.

ಕೇಂದ್ರ ಸರ್ಕಾರ 2023ರಲ್ಲಿ ಬಡ ಕೈದಿಗಳಿಗೆ ಅಂತ ಒಂದು ಯೋಜನೆ ತಂದಿದೆ, ಶುರುವಲ್ಲಿ ಜಾಮೀನಿಗೆ 40 ಸಾವಿರದವರೆಗೆ ಸಹಾಯ ಅಂತ ಇಟ್ಟಿದ್ರು, ಜಿಲ್ಲೆಗೊಂದು ಸಮಿತಿ ತೀರ್ಮಾನ ಮಾಡತ್ತೆ. ಒಳ್ಳೇದೇ, ಬೇಡ ಅನ್ನಲ್ಲ. ಆದ್ರೆ ಆರ್ಡರಲ್ಲಿ ಶ್ಯೂರಿಟಿ ಅಂತ ಮಾತ್ರ ಇದ್ರೆ ಆ ದುಡ್ಡನ್ನ ಎಲ್ಲಿ ಕಟ್ಟೋದು? ನಮಗೆ ಕಮ್ಮಿ ಬಿದ್ದಿದ್ದು ದುಡ್ಡಲ್ಲ, ಜಮೀನಿರೋ ಪರಿಚಯಸ್ಥ. ಶ್ಯೂರಿಟಿ ಬದಲು ಡೆಪಾಸಿಟ್ ತಗೋಳೋಕೆ ಕಾನೂನಲ್ಲಿ ಅವಕಾಶ ಇದೆ, ಆರ್ಡರ್ ಬರೆಯೋವಾಗಲೇ ಎರಡರಲ್ಲಿ ಒಂದು ಅಂತ ಬರೆದ್ರೆ ಆ ಯೋಜನೆಗೂ ಅರ್ಥ ಬರತ್ತೆ.

2022ರ ಕೊನೆಗೆ ದೇಶದ ಜೈಲುಗಳಲ್ಲಿ 5 ಲಕ್ಷ 73 ಸಾವಿರ ಜನ ಇದ್ರು, ಅದರಲ್ಲಿ 4 ಲಕ್ಷ 34 ಸಾವಿರ ಜನ ವಿಚಾರಣಾಧೀನರು, ಅಂದ್ರೆ ನೂರಕ್ಕೆ 76 ಜನ. ಇದು ಸರ್ಕಾರದ್ದೇ ಲೆಕ್ಕ. ಇವರಲ್ಲಿ ಬೇಲ್ ಆಗಿಯೂ ಒಳಗಿರೋರು ಎಷ್ಟು ಅನ್ನೋ ಕಾಲಂ ಗೋಡೆ ಮೇಲೆ ಕಾಣೋ ಹಾಗೆ ಎಲ್ಲಾದ್ರೂ ಹಾಕಿ ಅನ್ನೋದು ನನ್ನ ಮೊದಲ ಕೋರಿಕೆ, ಗೃಹ ಸಚಿವರಿಗೆ. ಪ್ರತಿ ತಿಂಗಳು, ಜಿಲ್ಲಾವಾರು, ಹೆಸರು ಬೇಡ, ಸಂಖ್ಯೆ ಸಾಕು: ಏಳು ದಿನ ದಾಟಿದೋರು ಇಷ್ಟು, ತಿಂಗಳು ದಾಟಿದೋರು ಇಷ್ಟು, ಅದರಲ್ಲಿ ಪ್ರಾಧಿಕಾರಕ್ಕೆ ತಿಳಿಸಿದ್ದು ಇಷ್ಟು. ಜೈಲಿನ ಕಂಪ್ಯೂಟರಲ್ಲಿ ಬೇಲ್ ಆದ ತಾರೀಕು ಹಾಕ್ಬೇಕು ಅಂತ ಅದೇ ಆದೇಶದಲ್ಲಿದೆ, ಹಾಗಾಗಿ ಲೆಕ್ಕ ತೆಗೆಯೋದು ಕಷ್ಟ ಇರಲ್ಲ.

ಮುಖ್ಯ ನ್ಯಾಯಮೂರ್ತಿಗಳಲ್ಲಿ ಕೇಳ್ಕೊಳೋದು: ಲೋಕಲ್ ಅನ್ನೋ ಪದ ಬೇಲ್ ಆರ್ಡರಲ್ಲಿ ಅಭ್ಯಾಸಬಲದಿಂದ ಬರ್ದೇ ಇರೋ ಹಾಗೆ ಕೆಳಗಿನ ಕೋರ್ಟುಗಳಿಗೆ ಒಂದು ಸುತ್ತೋಲೆ ಕಳಿಸಿ. ಪಹಣಿ ಒಂದೇ ಅಲ್ಲ, ಸಂಬಳದ ಚೀಟಿ, ಅಂಗಡಿ ಲೈಸೆನ್ಸು, ಕಾರ್ಮಿಕ ಮಂಡಳಿ ಕಾರ್ಡು ಇರೋನೂ ಶ್ಯೂರಿಟಿ ನಿಲ್ಲಬಹುದು ಅಂತ, ರಾಜ್ಯದ ಯಾವ ತಾಲ್ಲೂಕಿನ ಪಹಣಿ ಆದ್ರೂ ಇಲ್ಲೇ ಆನ್‌ಲೈನ್ ನೋಡಿ ಒಪ್ಕೋಬಹುದು ಅಂತ ಅದರಲ್ಲಿ ಸ್ಪಷ್ಟವಾಗಿ ಇರ್ಲಿ. ಹಾಗೇ ಷರತ್ತಿನ ಆ ಒಂದು ಪುಟನಾದ್ರೂ ಕನ್ನಡದಲ್ಲಿರ್ಲಿ, ಕೊನೇಲಿ 15100 ಅಂತ ಅಚ್ಚು ಹಾಕ್ಸಿ. ಬೇಲ್ ಕೇಳಿಸಿದ ದಿನ ಆ ನಂಬರ್ ನನ್ನ ಕೈಲಿದ್ದಿದ್ರೆ ಹುಡುಗ ಆಷಾಢದಲ್ಲೇ ಬರ್ತಿದ್ದ.

ಕಾನೂನು ಸಚಿವರಿಗೆ ಒಂದು ವಿಷ್ಯ. ಬೇಲಬಲ್ ಕೇಸಲ್ಲಿ, ಅಂದ್ರೆ ಬೇಲ್ ಹಕ್ಕಾಗಿ ಸಿಗೋ ಕೇಸಲ್ಲಿ, ಅರೆಸ್ಟ್ ಆದ ಒಂದು ವಾರದೊಳಗೆ ಜಾಮೀನು ಕೊಡೋಕೆ ಆಗ್ಲಿಲ್ಲ ಅಂದ್ರೆ ಅವನು ಬಡವ ಅಂತಾನೇ ತಿಳೀಬೇಕು, ಸ್ವಂತ ಬಾಂಡ್ ಮೇಲೆ ಬಿಡ್ಬೇಕು ಅಂತ 2005ರಲ್ಲೇ ತಿದ್ದುಪಡಿ ಮಾಡಿದ್ರು, ಹೊಸ ಸಂಹಿತೆಲೂ 478ನೇ ಸೆಕ್ಷನ್ ಆಗಿ ಅದು ಹಾಗೇ ಇದೆ. ನಾನ್ ಬೇಲಬಲ್ ಕೇಸಲ್ಲಿ ಜಡ್ಜು ಎರಡೂ ಕಡೆ ಕೇಳಿ, ಯೋಚಿಸಿ, ಇವನನ್ನ ಬಿಡಬಹುದು ಅಂತ ತೀರ್ಮಾನ ಮಾಡಿ ಆದ್ಮೇಲೆ ಅದೇ ಒಂದು ವಾರದ ಲೆಕ್ಕ ಇವನಿಗೆ ಯಾಕೆ ಬೇಡ? ಕ್ರಿಮಿನಲ್ ಪ್ರೊಸೀಜರ್ ಕೇಂದ್ರ, ರಾಜ್ಯ ಎರಡೂ ಕಾನೂನು ಮಾಡಬಹುದಾದ ಸಮವರ್ತಿ ಪಟ್ಟಿಲಿದೆ, ರಾಜ್ಯ ಬೇಕು ಅಂದ್ರೆ ತಿದ್ದುಪಡಿ ತರಬಹುದು, ರಾಷ್ಟ್ರಪತಿಗಳ ಒಪ್ಪಿಗೆ ಬೇಕಾಗತ್ತೆ. ಗಾರೆಯವನ ತೀರ್ಪು ಬಂದು ಇಷ್ಟು ವರ್ಷ ಆದ್ಮೇಲೆ ಅಷ್ಟು ಕೇಳೋದು ದೊಡ್ಡದಲ್ಲ ಅಂದ್ಕೋತೀನಿ.

ಹುಡುಗ ಈಗ ನನ್ನ ಹತ್ರಾನೇ ಕೆಲಸಕ್ಕಿದ್ದಾನೆ. ಶೆಡ್ಡಲ್ಲಿ ಮಲಗಲ್ಲ, ನಮ್ಮ ಮನೆ ಮೇಲಿನ ರೂಮಲ್ಲಿರ್ತಾನೆ. ಇವತ್ತಿನವರೆಗೆ ನಾಲ್ಕು ವಾಯಿದೆ ಆಗಿದೆ, ಯಾವ ಶ್ಯೂರಿಟಿನೂ ಇಲ್ದೆ ನಾಲ್ಕಕ್ಕೂ ಹೋಗಿದ್ದಾನೆ, ಪ್ರತಿ ಸಲ ಒಂದು ದಿನದ ಕೂಲಿ ಬಿಟ್ಟು. ಬೆಳಿಗ್ಗೆ ಒಂಬತ್ತೂವರೆಗೇ ಹೋಗಿ ನಿಂತಿರ್ತಾನೆ.

ಈ ಪತ್ರದ ಪ್ರತಿನ ನ್ಯಾಯದೇಗುಲದಲ್ಲಿರೋ ರಾಜ್ಯ ಕಾನೂನು ಸೇವಾ ಪ್ರಾಧಿಕಾರಕ್ಕೂ ಕಳಿಸ್ತಿದ್ದೀನಿ. ಯಾರಾದ್ರೂ ಉತ್ತರ ಬರೆಯೋ ಹಾಗಿದ್ರೆ ದಯವಿಟ್ಟು ಕನ್ನಡದಲ್ಲೇ ಬರೀರಿ, ಅವರಮ್ಮಂಗೆ ಫೋನಲ್ಲಿ ಓದಿ ಹೇಳ್ಬೇಕು.

ವಂದನೆಗಳೊಂದಿಗೆ,
ಒಬ್ಬ ವೈರಿಂಗ್ ಕೆಲಸದವನು
ಲಗ್ಗೆರೆ, ಬೆಂಗಳೂರು